‘ಮಾಸ್ಟರ್’ ಹೋಗಿ ‘ಮೇನ್’ ಬಂತು: ಪದ ತಿದ್ದುವ ಟೂಲ್ ಜೊತೆ ಎಂಟು ತಿಂಗಳು

ಐದಕ್ಕೆ ಎರಡೂವರೆ ಸ್ಟಾರ್. ಮೊದಲೇ ಹೇಳಿಬಿಡುತ್ತೇನೆ, ಕೊನೇವರೆಗೂ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಎರಡು ಸ್ಟಾರ್ ಕೋರ್ಸಿನ ಮೂರನೇ ಭಾಗಕ್ಕೆ. ಉಳಿದ ಅರ್ಧ, ಟೂಲ್ ಹಾಕಿದ ಮೇಲೂ ನನ್ನ ಲ್ಯಾಪ್‌ಟಾಪ್ ನಿಧಾನ ಆಗಲಿಲ್ಲ ಎಂಬುದಕ್ಕೆ.

ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಆಫೀಸಿನಲ್ಲಿ ಟೆಕ್ನಿಕಲ್ ರೈಟರ್. ಸಾಫ್ಟ್‌ವೇರ್ ಜೊತೆ ಬರುವ, ಯಾರೂ ಓದದ ಹೆಲ್ಪ್ ಪುಟಗಳನ್ನು ಬರೆಯುವವಳು. ಕಂಪನಿ ಅಮೆರಿಕದ್ದು. ಹೋದ ವರ್ಷ ಮೇಲಿನಿಂದ ಎರಡು ಸಾಮಾನು ಒಟ್ಟಿಗೇ ಬಂದವು. ಒಂದು, ನಾಲ್ಕು ಭಾಗದ ವಿಡಿಯೋ ಕೋರ್ಸ್: ಜನಾಂಗ, ಬಣ್ಣ, ಅಸಮಾನತೆ ಇವುಗಳ ಬಗ್ಗೆ ಮಾತಾಡುವಾಗ ಯಾವ ಪದ ಬಳಸಬೇಕು, ಯಾವುದು ಬೇಡ, ಯಾಕೆ ಬೇಡ. ಇನ್ನೊಂದು, ಬರೆಯುತ್ತಿರುವಾಗಲೇ ‘ಸರಿಯಿಲ್ಲದ’ ಪದದ ಕೆಳಗೆ ಹಳದಿ ಗೆರೆ ಎಳೆದು ಬದಲಿ ಪದ ತೋರಿಸುವ ಟೂಲ್. ಎರಡನ್ನೂ ಮಾರಿದ್ದು ಒಂದೇ ಸಂಸ್ಥೆ. ಅದರ ಹೆಸರು ಹೇಳುವುದಿಲ್ಲ, ನಮ್ಮ ಕಂಪನಿಯ ಹೆಸರೂ ಹೇಳುವುದಿಲ್ಲ, ಮನೆಯ ಇಎಂಐ ಇನ್ನೂ ಹನ್ನೊಂದು ವರ್ಷ ಇದೆ.

ಮೊದಲು ಟೂಲ್ ಬಗ್ಗೆ. ಇನ್‌ಸ್ಟಾಲ್ ಮಾಡಿದ ದಿನ ನನ್ನ ಹಳೇ ಫೈಲುಗಳನ್ನೆಲ್ಲ ಅದರ ಬಾಯಿಗೆ ಹಾಕಿದೆ. ಪರದೆ ತುಂಬ ಹಳದಿ, ಸಾಸಿವೆ ಹೊಲದ ಹಾಗೆ. ‘ಮಾಸ್ಟರ್’, ‘ಸ್ಲೇವ್’, ‘ಬ್ಲ್ಯಾಕ್‌ಲಿಸ್ಟ್’, ‘ವೈಟ್‌ಲಿಸ್ಟ್’. ಕಂಪ್ಯೂಟರ್ ಕೆಲಸದಲ್ಲಿ ಇಲ್ಲದವರಿಗೆ: ಒಂದು ಯಂತ್ರ ಆಜ್ಞೆ ಕೊಡುತ್ತದೆ, ಇನ್ನೊಂದು ಕೇಳುತ್ತದೆ. ಕೊಡುವುದಕ್ಕೆ ಮಾಸ್ಟರ್, ಕೇಳುವುದಕ್ಕೆ ಸ್ಲೇವ್ ಅಂತ ದಶಕಗಳಿಂದ ಹೆಸರು. ಒಡೆಯ, ಗುಲಾಮ. ನಾನು ಇಂಜಿನಿಯರಿಂಗ್ ಓದುವಾಗ ‘ಮಾಸ್ಟರ್-ಸ್ಲೇವ್ ಫ್ಲಿಪ್ ಫ್ಲಾಪ್’ ಅಂತ ಹತ್ತು ಮಾರ್ಕಿನ ಪ್ರಶ್ನೆಯೇ ಬರುತ್ತಿತ್ತು. ಚಿತ್ರ ಬರೆದು, ಬಾಣ ಎಳೆದು, ಪಾಸಾದೆವು. ಒಬ್ಬರಿಗೂ ಆ ಪದ ಏನನ್ನುತ್ತಿದೆ ಅಂತ ಹೊಳೆಯಲಿಲ್ಲ. ನನಗಂತೂ ಇಲ್ಲ.

ಇದೆಲ್ಲ 2020ರಲ್ಲಿ ಶುರುವಾದದ್ದು ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಲಾಸ್ ಏಂಜಲೀಸ್ ಕೌಂಟಿ 2003ರಲ್ಲೇ ತನಗೆ ಯಂತ್ರ ಮಾರುವವರಿಗೆ ಈ ಹೆಸರು ಬೇಡ ಎಂದು ಪತ್ರ ಬರೆದಿತ್ತು, ಆಗ ಎಷ್ಟೋ ಜನ ನಕ್ಕಿದ್ದರು. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಜಾಂಗೋ 2014ರಲ್ಲಿ ಬಿಟ್ಟಿತು, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2018ರಲ್ಲಿ. ಆಮೇಲೆ 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಸಾವು. ಆ ಜುಲೈನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಬರೆಯುವವರು ಹೊಸ ಕೋಡಿಗೆ ಬೇರೆ ಪದಗಳ ಪಟ್ಟಿ ಕೊಟ್ಟರು. ಅಕ್ಟೋಬರ್ 1ರಿಂದ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಹೊಸದಾಗಿ ತೆರೆಯುವ ಪ್ರಾಜೆಕ್ಟುಗಳ ಮುಖ್ಯ ಶಾಖೆಗೆ ‘ಮಾಸ್ಟರ್’ ಬದಲು ‘ಮೇನ್’. ಅದೇ ವರ್ಷವೇ ನಮ್ಮಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಆಗಿದ್ದು. ನಮ್ಮತ್ತೆ ಇವತ್ತಿಗೂ ಅಂಗಡಿಯಲ್ಲಿ ಹಳೇ ಹೆಸರಲ್ಲೇ ಕೇಳುತ್ತಾರೆ, ಅಂಗಡಿಯವರೂ ತಿರುಗಿ ಕೇಳದೆ ಕೊಡುತ್ತಾರೆ.

ಬದಲಾವಣೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾಸ್ಟರ್, ಸ್ಲೇವ್ ಬದಲು ‘ಪ್ರೈಮರಿ’, ‘ರೆಪ್ಲಿಕಾ’ ಅಂದರೆ ಅರ್ಥವೂ ಚೆನ್ನಾಗಿ ಆಗುತ್ತದೆ. ಎರಡು ವಾರ ಬೆರಳು ಹಳೇ ಪದವನ್ನೇ ಟೈಪ್ ಮಾಡುತ್ತಿತ್ತು, ಆಮೇಲೆ ಅಭ್ಯಾಸ ಆಯಿತು. ಆದರೆ ಇಷ್ಟು ಸಲೀಸಾಗಿ ಆಯಿತಲ್ಲ, ಅದೇ ಸ್ವಲ್ಪ ಅನುಮಾನ. ಯಾರ ಸಂಬಳವೂ ಹೆಚ್ಚಾಗಲಿಲ್ಲ, ಯಾರ ಕುರ್ಚಿಯೂ ಅಲ್ಲಾಡಲಿಲ್ಲ. ನಮ್ಮ ಅಟ್ಲಾಂಟಾ ಆಫೀಸಿನಲ್ಲಿ ಒಬ್ಬ ಕಪ್ಪು ಸಹೋದ್ಯೋಗಿ ಇದ್ದಾರೆ, ಆರು ವರ್ಷದಿಂದ ವಾರಕ್ಕೊಂದು ಸಲ ಫೋನಿನಲ್ಲಿ ಮಾತಾಡುವ ಗೆಳತಿ. ಟೂಲ್ ಬಂದ ವಾರ ನಾನೇ ಕೇಳಿದೆ, ಹೇಗನ್ನಿಸಿತು ಅಂತ. ಅವರು ನಕ್ಕರು. ಪದ ಹೋದದ್ದು ಒಳ್ಳೆಯದೇ, ಆದರೆ ತಾನು ಎರಡು ವರ್ಷದಿಂದ ಕೇಳುತ್ತಿದ್ದದ್ದು ಬಡ್ತಿ, ಇದನ್ನು ಕೇಳಿದ್ದು ಯಾರು ಅಂತ ಗೊತ್ತಿಲ್ಲ ಅಂದರು. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ, ಮುಂದಿನ ರಿಲೀಸ್ ಯಾವಾಗ ಅಂತ ಮಾತು ತಿರುಗಿಸಿದೆ.

ಟೂಲಿನ ದೊಡ್ಡ ದೋಷ ಅಂದರೆ ಅದಕ್ಕೆ ಎಲ್ಲ ಪದವೂ ಒಂದೇ. ‘ಬ್ಲ್ಯಾಕ್‌ಲಿಸ್ಟ್’ ನೋಡಿ. ಅದರ ಹುಟ್ಟಿಗೂ ಜನರ ಚರ್ಮದ ಬಣ್ಣಕ್ಕೂ ಸಂಬಂಧ ತೋರಿಸುವುದು ಕಷ್ಟ, ನಮ್ಮ ಪತ್ರಿಕೆಗಳೂ ಕಪ್ಪುಪಟ್ಟಿ, ಕಪ್ಪುಹಣ ಅಂತ ದಿನಾ ಬರೆಯುತ್ತವೆ. ಹಾಗಂತ ಕಪ್ಪು ಅಂದರೆ ಕೆಟ್ಟದ್ದು, ಬಿಳಿ ಅಂದರೆ ಒಳ್ಳೆಯದು ಅನ್ನುವ ಅಭ್ಯಾಸ ಬೇಕಾ ಅನ್ನುವುದು ಬೇರೆ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಪಕ್ಕದಲ್ಲೇ ನನ್ನ ಬಿಲ್ಲಿಂಗ್ ಪುಟದಲ್ಲಿ ಇನ್ನೊಂದು ಪದಕ್ಕೂ ಹಳದಿ ಗೆರೆ ಬಿತ್ತು: ‘ಗ್ರ್ಯಾಂಡ್‌ಫಾದರ್ಡ್’. ಹಳೇ ಗ್ರಾಹಕರಿಗೆ ಹಳೇ ದರವೇ ಇರಲಿ ಅಂತ ಹೇಳಲು ಇಂಗ್ಲಿಷಿನಲ್ಲಿ ಎಲ್ಲರೂ ಬಳಸುವ ಪದ. ಅಜ್ಜ ಅನ್ನುವ ಪದದಲ್ಲಿ ಏನು ತಪ್ಪು ಅಂತ ನಾನು ಗೆರೆಯನ್ನು ಅಳಿಸಿ ಮುಂದೆ ಹೋಗಿದ್ದೆ. ಟೂಲ್ ಕಾರಣ ಹೇಳಲಿಲ್ಲ, ಬರೀ ‘ಲೆಗಸಿ ಬಳಸಿ’ ಅಂದಿತು.

ಆಮೇಲೆ ಮನೆಗೆ ಬಂದು ಹುಡುಕಿ ಓದಿದೆ. ಅಮೆರಿಕದ ಅಂತರ್ಯುದ್ಧದ ನಂತರ ಅಲ್ಲಿನ ಕಪ್ಪು ಗಂಡಸರಿಗೆ ಮತದ ಹಕ್ಕು ಬಂತು. ಅದನ್ನು ನೇರವಾಗಿ ಕಿತ್ತುಕೊಳ್ಳಲು ಸಂವಿಧಾನ ಬಿಡುವುದಿಲ್ಲ. ಹಾಗಾಗಿ ದಕ್ಷಿಣದ ರಾಜ್ಯಗಳು ಓದುಬರಹದ ಪರೀಕ್ಷೆ, ಆಸ್ತಿಯ ಷರತ್ತು ತಂದವು. ಆದರೆ ಓದು ಬಾರದ ಬಡ ಬಿಳಿಯರೂ ಇದ್ದರಲ್ಲ, ಅವರ ಮತ ಹೋಗಬಾರದು. ಅದಕ್ಕೆ ಲೂಸಿಯಾನ 1898ರಲ್ಲಿ ಒಂದು ದಾರಿ ಮಾಡಿತು: 1867ರ ಜನವರಿ 1ಕ್ಕೆ ಯಾರ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕು ಇತ್ತೋ ಅವರಿಗೆ ಪರೀಕ್ಷೆ ಇಲ್ಲ. ಆ ಅಜ್ಜಂದಿರು ಯಾರಾಗಿರಲು ಸಾಧ್ಯ ಹೇಳಿ. ಕಾನೂನಿನಲ್ಲಿ ಬಣ್ಣದ ಹೆಸರೇ ಇಲ್ಲ! ಓಕ್ಲಹೋಮಾದ ಇಂಥದೇ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1915ರಲ್ಲಿ ರದ್ದು ಮಾಡಿತು. ಅಂಥ ಪದ ಈಗ ನನ್ನ ತಿಂಗಳ ಚಂದಾ ಪುಟದಲ್ಲಿ ಕೂತಿದೆ. ಇದನ್ನು ಹೇಳಿದ್ದರೆ ನಾನೇ ಓಡಿಹೋಗಿ ಪದ ಬದಲಿಸುತ್ತಿದ್ದೆ. ಕಾರಣ ಹೇಳದೆ ಗೆರೆ ಎಳೆದರೆ ಜನ ಗೆರೆಯನ್ನೇ ಬೈದುಕೊಳ್ಳುತ್ತಾರೆ, ನಮ್ಮ ಟೀಮಿನ ಹುಡುಗರು ಬೈಯುತ್ತಿರುವ ಹಾಗೆ.

ತಮಾಷೆಯೂ ಆಯಿತು. ಒಂದು ರೂಟರ್ ಜೋಡಿಸುವ ಕೈಪಿಡಿಯಲ್ಲಿ ‘ಬ್ಲ್ಯಾಕ್ ಕೇಬಲನ್ನು ಎರಡನೇ ಪೋರ್ಟಿಗೆ ಹಾಕಿ’ ಅಂತ ಬರೆದಿದ್ದೆ. ಬ್ಲ್ಯಾಕ್‌ಗೆ ಕ್ಯಾಪಿಟಲ್ ಬಿ ಹಾಕಿ, ಗೌರವ ಇರಲಿ ಅಂತ ಟೂಲ್ ಸೂಚಿಸಿತು. ಆ ವೈರ್‌ಗೆ ಅದಕ್ಕಿಂತ ಹೆಚ್ಚು ಗೌರವ ಯಾರೂ ಕೊಟ್ಟಿರಲಿಕ್ಕಿಲ್ಲ.

ಕ್ಯಾಪಿಟಲ್ ಬಿ ವಿಷಯ ಬಂತಲ್ಲ, ಕೋರ್ಸಿನ ಮೂರನೇ ಭಾಗ ಪೂರ್ತಿ ಅದೇ. ಎರಡು ಸ್ಟಾರ್ ಕೊಟ್ಟದ್ದು ಇದಕ್ಕೇ. ಒಂದು ಜನ ತಮ್ಮ ಹೆಸರಿಗಾಗಿ ನೂರು ವರ್ಷ ಜಗ್ಗಾಡಿದ ಕಥೆ. 1920ರ ದಶಕದಲ್ಲಿ ಕಪ್ಪು ಚಿಂತಕ ಡುಬಾಯ್ಸ್ ಪತ್ರಿಕೆಗಳಿಗೆ ಪತ್ರದ ಮೇಲೆ ಪತ್ರ ಬರೆದರು, ‘ನೀಗ್ರೋ’ ಪದಕ್ಕೆ ದೊಡ್ಡ ಎನ್ ಹಾಕಿ ಅಂತ. ಊರಿನ ಹೆಸರಿಗೆ, ದೇಶದ ಹೆಸರಿಗೆ ಹಾಕುತ್ತೀರಿ, ನಮಗೆ ಯಾಕಿಲ್ಲ? ನ್ಯೂಯಾರ್ಕ್ ಟೈಮ್ಸ್ 1930ರ ಮಾರ್ಚ್‌ನಲ್ಲಿ ಒಪ್ಪಿತು. ಹಾಗೆ ಕಷ್ಟಪಟ್ಟು ಗಳಿಸಿದ ಆ ಪದವನ್ನೇ ಮೂವತ್ತಾರು ವರ್ಷದ ನಂತರ ಅವರ ಮೊಮ್ಮಕ್ಕಳ ತಲೆಮಾರು ಬೇಡ ಅಂದಿತು. 1966ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ಕಪ್ಪು ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ‘ಬ್ಲ್ಯಾಕ್ ಪವರ್’ ಅಂತ ಕೂಗಿದಾಗ, ಅದುವರೆಗೆ ಬೈಗುಳದ ಹಾಗಿದ್ದ ಬ್ಲ್ಯಾಕ್ ಎದೆಯುಬ್ಬಿಸಿ ಹೇಳುವ ಪದ ಆಯಿತು. 1988ರ ಕೊನೆಯಲ್ಲಿ ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ‘ಆಫ್ರಿಕನ್ ಅಮೆರಿಕನ್’ ಅನ್ನಿ ಅಂದರು, ಬಣ್ಣದ ಬದಲು ನೆಲದ ಹೆಸರು. ಅಮೆರಿಕದ ಜನಗಣತಿಯ ಫಾರ್ಮಿನಲ್ಲಂತೂ 2010ರಲ್ಲೂ ‘ನೀಗ್ರೋ’ ಇತ್ತು, ಬಿಡುತ್ತೇವೆ ಅಂತ ಹೇಳಿದ್ದು 2013ರಲ್ಲಿ. 2020ರ ಜೂನ್ 19ರಂದು ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಬ್ಲ್ಯಾಕ್‌ಗೆ ದೊಡ್ಡ ಬಿ ಕೊಟ್ಟಿತು. ಮುಂದಿನ ತಿಂಗಳು, ವೈಟ್‌ಗೆ ಚಿಕ್ಕ ಡಬ್ಲ್ಯು ಸಾಕು ಅಂದಿತು. ಅದೇ ತಿಂಗಳು ವಾಷಿಂಗ್ಟನ್ ಪೋಸ್ಟ್ ಎರಡಕ್ಕೂ ದೊಡ್ಡದು ಅಂತ ತೀರ್ಮಾನಿಸಿತು. ದೊಡ್ಡ ದೊಡ್ಡ ಪತ್ರಿಕೆಗಳಿಗೇ ಇವತ್ತಿಗೂ ಒಮ್ಮತ ಇಲ್ಲ, ನಮ್ಮ ಟೂಲ್ ಮಾತ್ರ ಎಲ್ಲ ಗೊತ್ತಿರುವವರ ಹಾಗೆ ಗೆರೆ ಎಳೆಯುತ್ತದೆ.

‘ಕಲರ್ಡ್ ಪೀಪಲ್’ ಅಂದರೆ ಅವಮಾನ, ‘ಪೀಪಲ್ ಆಫ್ ಕಲರ್’ ಅಂದರೆ ಸರಿ. ಅದ್ಯಾಕೆ ಅಂತ ನಮ್ಮ ಟೀಮಿನಲ್ಲಿ ಒಬ್ಬ ಕೇಳಿದ, ಎರಡೂ ಒಂದೇ ತಾನೇ ಅಂತ. ವ್ಯಾಕರಣದಲ್ಲಿ ಒಂದೇ. ಆದರೆ ಮೊದಲನೆಯದು, ಅಮೆರಿಕದಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಡಲು ನೀರಿನ ನಲ್ಲಿಯ ಮೇಲೆ, ರೈಲ್ವೆ ಸ್ಟೇಷನ್ನಿನ ಬಾಗಿಲ ಮೇಲೆ ಬೋರ್ಡಾಗಿ ನೇತಾಡುತ್ತಿದ್ದ ಪದ. ಇಲ್ಲಿ ನೀವು, ಅಲ್ಲಿ ಅವರು. ಎರಡನೆಯದನ್ನು ಅವರಾಗಿ ಆರಿಸಿಕೊಂಡರು. 1909ರಲ್ಲಿ ಹುಟ್ಟಿದ, ಕಪ್ಪು ಜನರ ಹಕ್ಕಿನ ಸಂಸ್ಥೆ ಎನ್‌ಎಎಸಿಪಿ ತನ್ನ ಹೆಸರಿನ ಕೊನೆಯಲ್ಲಿ ‘ಕಲರ್ಡ್ ಪೀಪಲ್’ ಅಂತ ಹಳೇ ಪದವನ್ನೇ ಇಟ್ಟುಕೊಂಡಿದೆ, ಅದು ಅವರ ಮನೆಯ ಹೆಸರು, ಅವರಿಷ್ಟ. ಯಾರು ಇಟ್ಟ ಹೆಸರು ಅನ್ನುವುದೇ ಇಲ್ಲಿ ಮುಖ್ಯ, ಅಲ್ವಾ? ಅದಕ್ಕೇ ಲ್ಯಾಟಿನ್ ಅಮೆರಿಕ ಮೂಲದವರನ್ನು ಗಂಡು ಹೆಣ್ಣು ಭೇದ ಇಲ್ಲದೆ ‘ಲ್ಯಾಟಿನೆಕ್ಸ್’ ಅನ್ನಿ ಅಂತ ಕೋರ್ಸು ಒತ್ತಿ ಒತ್ತಿ ಹೇಳಿದಾಗ ನನಗೆ ಸರಿಬರಲಿಲ್ಲ. ಪ್ಯೂ ಎಂಬ ಸಂಶೋಧನಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಆ ಸಮುದಾಯದ ವಯಸ್ಕರಲ್ಲಿ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದವರು 3%. ಉಳಿದ 97 ಜನರ ಪರವಾಗಿ ನಾನ್ಯಾರು?

ಇದೇ ಭಾಗದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ‘ಸ್ಲೇವ್’ ಬದಲು ‘ಎನ್‌ಸ್ಲೇವ್ಡ್ ಪರ್ಸನ್’, ಅಂದರೆ ಗುಲಾಮಗಿರಿಗೆ ತಳ್ಳಲ್ಪಟ್ಟ ವ್ಯಕ್ತಿ. ಮೊದಲು ಇದೂ ಸುಮ್ನೆ ಉದ್ದ ಮಾಡಿದ್ದು ಅಂದುಕೊಂಡಿದ್ದೆ. ಕೋರ್ಸು ಒಂದು ವಾಕ್ಯ ಕೊಟ್ಟಿತ್ತು: 1619ರಲ್ಲಿ ವರ್ಜೀನಿಯಾಕ್ಕೆ ಹಡಗಿನಲ್ಲಿ ಗುಲಾಮರು ಬಂದರು. ಇದನ್ನು ತಿದ್ದಿ. ಕೂತು ಯೋಚಿಸಿದರೆ, ಹಡಗಿನಲ್ಲಿ ಬಂದವರು ಗುಲಾಮರಾಗಿ ಹುಟ್ಟಿದವರಲ್ಲ. ರೈತರು, ಕಮ್ಮಾರರು, ಯಾರದೋ ಮಗಳು. ಅವರನ್ನು ಯಾರೋ ಹಿಡಿದರು, ಯಾರೋ ಮಾರಿದರು, ಯಾರೋ ಕೊಂಡರು. ಗುಲಾಮ ಅಂದುಬಿಟ್ಟರೆ ಅದು ಅವರ ಜಾತಿ, ಅವರ ಕಸುಬು ಎಂಬಂತೆ ಕೇಳಿಸುತ್ತದೆ, ಹಿಡಿದವನು ಮಾರಿದವನು ಇಬ್ಬರೂ ವಾಕ್ಯದಿಂದ ಜಾರಿಕೊಳ್ಳುತ್ತಾರೆ. ಹೊಸ ಪದದಲ್ಲಿ ಅವರ ನೆರಳಾದರೂ ಇದೆ.

ನಮಗೆ ಇದು ಹೊಸದೇನಲ್ಲ. ಹರಿಜನ ಅನ್ನುವುದು ಬೇರೆಯವರು ಪ್ರೀತಿಯಿಂದ ಇಟ್ಟ ಹೆಸರು, ಅದರಲ್ಲಿ ತುಳಿದವನ ಸುಳಿವೇ ಇಲ್ಲ. ದಲಿತ ಅಂದರೆ ತುಳಿಯಲ್ಪಟ್ಟವರು, ಅಂದ ಕೂಡಲೇ ತುಳಿದದ್ದು ಯಾರು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಮಹಾರಾಷ್ಟ್ರದಲ್ಲಿ 1972ರಲ್ಲಿ ದಲಿತ್ ಪ್ಯಾಂಥರ್ಸ್ ಕಟ್ಟಿದವರು ಹೆಸರು ತೆಗೆದುಕೊಂಡದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದಲೇ. 2018ರಲ್ಲಿ ಕೇಂದ್ರ ವಾರ್ತಾ ಇಲಾಖೆ ಮಾಧ್ಯಮಗಳಿಗೆ, ದಲಿತ ಬೇಡ, ಪರಿಶಿಷ್ಟ ಜಾತಿ ಅನ್ನಿ ಎಂದು ಸಲಹೆ ಕಳಿಸಿತ್ತು. ಪರಿಶಿಷ್ಟ ಅಂದರೆ ಪಟ್ಟಿಯಲ್ಲಿ ಇರುವವರು. ಪಟ್ಟಿಗೆ ತುಳಿಯುವ ಕಾಲಿಲ್ಲ.

ಇಷ್ಟು ಕಲಿತ ಮೇಲೆ ಟೂಲಿಗೆ ಒಂದು ಪರೀಕ್ಷೆ ಇಟ್ಟೆ. ಜಾರ್ಜ್ ಫ್ಲಾಯ್ಡ್ ಸತ್ತ ರಾತ್ರಿ ಮಿನಿಯಾಪೊಲಿಸ್ ಪೊಲೀಸರು ಹೊರಡಿಸಿದ ಮೊದಲ ಪ್ರಕಟಣೆ ಇದೆಯಲ್ಲ, ಅದರ ತಲೆಬರಹವನ್ನು ಇಂಗ್ಲಿಷಿನಲ್ಲಿ ಇದ್ದ ಹಾಗೇ ಹಾಕಿದೆ. ಕನ್ನಡದಲ್ಲಿ ಹೇಳಿದರೆ ಸುಮಾರಾಗಿ ಹೀಗೆ: ಪೊಲೀಸ್ ಭೇಟಿಯ ವೇಳೆ ಆರೋಗ್ಯ ಏರುಪೇರಾಗಿ ವ್ಯಕ್ತಿ ಸಾವು. ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಮೀರಿ ಇದ್ದ ಮಂಡಿ ಅದರಲ್ಲಿ ಎಲ್ಲೂ ಇಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ಚಿತ್ರೀಕರಿಸದೆ ಹೋಗಿದ್ದರೆ ಆ ತಲೆಬರಹವೇ ಉಳಿಯುತ್ತಿತ್ತೇನೋ. ಟೂಲ್ ಏನಂದಿತು ಗೊತ್ತಾ? ಒಂದು ಗೆರೆ ಇಲ್ಲ. ಮೂಲೆಯಲ್ಲಿ ಹಸಿರು ಟಿಕ್, ನೂರಕ್ಕೆ ನೂರು. ‘ರೇಷಿಯಲಿ ಚಾರ್ಜ್ಡ್’ (ಜನಾಂಗದ ವಿಷಯದಲ್ಲಿ ಕಾವೇರಿದ) ಅಂತ ಹಾಕಿದೆ, ಅದಕ್ಕೂ ಹಸಿರು. ರೇಸಿಸ್ಟ್ ಅನ್ನಬೇಕಾದ ಕಡೆ ಹಾಗೆ ಸುತ್ತಿ ಬಳಸಿ ಹೇಳಬೇಡಿ ಅಂತ ಅಸೋಸಿಯೇಟೆಡ್ ಪ್ರೆಸ್ 2019ರಲ್ಲೇ ತನ್ನ ಬರಹಗಾರರಿಗೆ ಹೇಳಿಯಾಗಿದೆ. ನಾನು ರೂಟರ್‌ಗೆ ಕಪ್ಪು ವೈರ್ ಅಂದರೆ ತಪ್ಪು, ಅದು ಸರಿ. ನನ್ನ ಪ್ರಕಾರ ಈ ಟೂಲಿಗೆ ಇದಕ್ಕಿಂತ ದೊಡ್ಡ ಮೈನಸ್ ಇಲ್ಲ.

ಒಂದನೇ ಭಾಗ, ಎರಡನೇ ಭಾಗ ನೋಡಬೇಡಿ. ನಗುವ ಕಾರ್ಟೂನುಗಳು, ಹಿನ್ನೆಲೆಯಲ್ಲಿ ಗಿಟಾರ್. ನಾಲ್ಕನೇ ಭಾಗದಲ್ಲಿ ‘ಏಷ್ಯನ್’ ಅಂತ ಒಂದೇ ಸ್ಲೈಡ್, ಚೀನಾದಿಂದ ಚಿಕ್ಕಮಗಳೂರಿನವರೆಗೆ ಎಲ್ಲ ಅದರೊಳಗೆ. ಅಲ್ಲೊಂದು ಒಳ್ಳೆ ಕಥೆಯನ್ನು ಕಳೆದುಕೊಂಡಿದ್ದಾರೆ. ಅಮೃತಸರ ಕಡೆಯ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ವಲಸೆ ಬಂದವರಿಗೆ ಪೌರತ್ವ ಬೇಕಾದರೆ ‘ಬಿಳಿಯ’ ಆಗಿರಬೇಕಿತ್ತು, ಇಲ್ಲವೇ ಆಫ್ರಿಕ ಮೂಲದವರಾಗಿರಬೇಕಿತ್ತು. 1922ರ ನವೆಂಬರ್‌ನಲ್ಲಿ ಜಪಾನಿನ ಓಜಾವಾ ಎಂಬುವರಿಗೆ ಸುಪ್ರೀಂ ಕೋರ್ಟ್ ಹೇಳಿತ್ತು: ಚರ್ಮ ಎಷ್ಟೇ ಬೆಳ್ಳಗಿರಲಿ, ಬಿಳಿಯ ಅಂದರೆ ಕಕೇಷಿಯನ್, ಆಗಿನ ಪಂಡಿತರು ಮಾಡಿದ ಜನಾಂಗದ ವಿಂಗಡಣೆಯಲ್ಲಿ ಒಂದು ಗುಂಪು. ಸರಿ, ಥಿಂಡ್ ತಾನು ಕಕೇಷಿಯನ್ ಅಂತ ಆಗಿನ ವಿದ್ವಾಂಸರ ಪುಸ್ತಕ ತೋರಿಸಿದರು. ಜೊತೆಗೆ ತನ್ನ ಮೇಲ್ಜಾತಿಯ ಮಾತನ್ನೂ ಎತ್ತಿದರು, ಅದನ್ನು ಮುಚ್ಚಿಡುವ ಹಾಗಿಲ್ಲ. ಮೂರೇ ತಿಂಗಳಿಗೆ, 1923ರ ಫೆಬ್ರವರಿಯಲ್ಲಿ ಅದೇ ಕೋರ್ಟ್ ಮಾತು ತಿರುಗಿಸಿತು: ಪುಸ್ತಕದ ಅರ್ಥ ಬೇಡ, ಸಾಮಾನ್ಯ ಜನ ಬಿಳಿಯ ಅಂದರೆ ಏನು ತಿಳಿಯುತ್ತಾರೋ ಅದೇ ಅರ್ಥ. 1930, 1940ರ ಗಣತಿಯಲ್ಲಿ ನಮ್ಮವರ ರೇಸ್ ‘ಹಿಂದೂ’, ಥಿಂಡ್‌ರಂಥ ಸಿಖ್ಖರಾದರೂ ಅದೇ. 1970ರಲ್ಲಿ ನಮ್ಮವರನ್ನು ಬಿಳಿಯರ ಜೊತೆ ಎಣಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಚೌಕ ಬಂತು. ಮೈಯ ಬಣ್ಣ ಅಷ್ಟೇ ಇತ್ತು, ಚೌಕ ಮಾತ್ರ ಬದಲಾಗುತ್ತಿತ್ತು. ಇದನ್ನು ಐದು ನಿಮಿಷ ಹೇಳಿದ್ದರೆ ನಮ್ಮ ಆಫೀಸಿನವರು ಇದೆಲ್ಲ ಅಮೆರಿಕದವರ ತಲೆನೋವು ಅಂತ ಫೋನ್ ನೋಡುತ್ತಾ ಕೂರುತ್ತಿರಲಿಲ್ಲ.

ಈಗ ಕನ್ನಡದ ಆವೃತ್ತಿ. ಹೌದು, ಇದೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್‌ನವರೂ ಕೋರ್ಸ್ ಮುಗಿಸಬೇಕು ಅಂತ ನಿಯಮ. ಅದಕ್ಕೆ ಸಂಸ್ಥೆಯವರು ಸಬ್‌ಟೈಟಲ್‌ಗಳನ್ನು ಯಂತ್ರದಲ್ಲಿ ಕನ್ನಡ ಮಾಡಿಸಿ, ಒಮ್ಮೆ ನೋಡಿಕೊಡಿ ಅಂತ ನನ್ನ ತಲೆಗೆ ಕಟ್ಟಿದರು. ಕನ್ನಡ ಬಲ್ಲ ರೈಟರ್ ಆಫೀಸಿನಲ್ಲಿ ನಾನೊಬ್ಬಳೇ. ಪುಕ್ಕಟೆ.

ಫೈಲ್ ತೆರೆದರೆ ‘ಪೀಪಲ್ ಆಫ್ ಕಲರ್’ ಹೋಗಿ ‘ಬಣ್ಣದ ಜನರು’ ಆಗಿದೆ. ನಮಗೆ ಬಣ್ಣದ ಜನ ಅಂದರೆ ನಾಟಕದವರು, ಬಣ್ಣದ ಮಾತು ಅಂದರೆ ಬೂಟಾಟಿಕೆ. ‘ವೈಟ್ ಪ್ರಿವಿಲೇಜ್’ ಅನ್ನುವುದು ‘ಬಿಳಿ ಸವಲತ್ತು’, ಯಾವುದೋ ಹೊಸ ರೇಷನ್ ಕಾರ್ಡಿನ ಹಾಗೆ. ‘ಎನ್‌ಸ್ಲೇವ್ಡ್ ಪರ್ಸನ್’ ಗುಲಾಮೀಕೃತ ವ್ಯಕ್ತಿ. ಅದನ್ನು ‘ಗುಲಾಮರಾಗಿ ಮಾರಲ್ಪಟ್ಟ ಜನ’ ಅಂತ ಮಾಡಿದೆ, ಮಾರಿದವರು ಯಾರು ಅಂತ ಓದುವವರು ಕೇಳಲಿ. ‘ರೇಸ್’ ಒಂದು ಕಡೆ ಓಟ ಆಗಿತ್ತು. ‘ಓಟದ ಬಗ್ಗೆ ಕೆಲಸದ ಜಾಗದಲ್ಲಿ ಮುಕ್ತವಾಗಿ ಮಾತಾಡಿ.’

ನಾನೂ ಸಿಕ್ಕಿಬಿದ್ದೆ. ಒಂದು ದೃಶ್ಯದಲ್ಲಿ ಪೊಲೀಸ್ ಒಬ್ಬ ಯುವಕನ ಕಾರು ನಿಲ್ಲಿಸುತ್ತಾನೆ. ನಾನು ಬರೆದದ್ದು: ‘ಅಧಿಕಾರಿ ಲೈಸೆನ್ಸ್ ಕೇಳಿದರು. ಕಪ್ಪು ಯುವಕ ಇಲ್ಲೇ ಇದೆ ಎಂದ.’ ಪಕ್ಕದ ಮೇಜಿನ ಮಂಗಳೂರಿನ ಹುಡುಗಿ ಬಗ್ಗಿ ಓದಿ, ‘ಅಕ್ಕ, ಒಬ್ಬರಿಗೆ ಮಾತ್ರ ಯಾಕೆ ಮರ್ಯಾದೆ?’ ಅಂದಳು. ನೋಡಿದೆ. ಕೇಳಿದರು, ಎಂದ. ನನಗೇ ಗೊತ್ತಾಗದೆ ಬೆರಳು ತಾನಾಗಿ ಹಾಕಿತ್ತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ನಮ್ಮ ದೊಡ್ಡ ಬಿ ಇರುವುದು ಕ್ರಿಯಾಪದದ ಬಾಲದಲ್ಲಿ. ಯಾರಿಗೆ ‘ರು’ ಹಾಕುತ್ತೇವೆ, ಯಾರಿಗೆ ಹಾಕುವುದಿಲ್ಲ ಅಂತ ಹಳದಿ ಗೆರೆ ಎಳೆಯುವ ಟೂಲ್ ಬಂದರೆ ನನ್ನ ಎಂಟು ವರ್ಷದ ಮೇಲ್‌ಗಳೆಲ್ಲ ಹಳದಿ ಆಗುತ್ತವೆ. ಮೇಲೆ ನೋಡಿ, ‘ಪೊಲೀಸ್ ನಿಲ್ಲಿಸುತ್ತಾನೆ’ ಅಂತ ಬರೆದಿದ್ದೇನೆ. ಅದು ಬೇಕೆಂದೇ.

ನಿಜವಾದ ತೊಡಕು ಬಂದದ್ದು ‘ರೇಸ್’ ಪದಕ್ಕೇ. ಕನ್ನಡದಲ್ಲಿ ಇರುವುದು ಎರಡು: ಜನಾಂಗ, ವರ್ಣ. ರೇಸಿಸಂಗೆ ಜನಾಂಗೀಯ ತಾರತಮ್ಯ ಅಥವಾ ವರ್ಣಭೇದ. ಪೇಪರಿನಲ್ಲಿ ದಕ್ಷಿಣ ಆಫ್ರಿಕದ ಬಗ್ಗೆ ಓದುವಾಗ ಸಲೀಸು. ಆದರೆ ಊರಿನಲ್ಲಿ ‘ನಿಮ್ದು ಯಾವ ಜನಾಂಗ?’ ಅಂತ ಯಾರಾದರೂ ಕೇಳಿದರೆ ನಾವು ಆಫ್ರಿಕನ್, ಏಷ್ಯನ್ ಅಂತ ಉತ್ತರ ಕೊಡುತ್ತೇವಾ? ಅದು ಜಾತಿ ಕೇಳುವ ಮರ್ಯಾದೆಯ ದಾರಿ. ಒಕ್ಕಲಿಗ ಜನಾಂಗ, ಕುರುಬ ಜನಾಂಗ, ಜನಾಂಗದ ಹಾಸ್ಟೆಲ್. ವರ್ಣ ಅಂದರಂತೂ ಚಾತುರ್ವರ್ಣದವರೆಗೆ ಹೋಗುತ್ತದೆ. ಎರಡು ಬಾಗಿಲಲ್ಲಿ ಯಾವುದನ್ನು ತಟ್ಟಿದರೂ ತೆರೆಯುವುದು ಒಂದೇ ಮನೆ. ಕೊನೆಗೆ ‘ಜನಾಂಗ’ ಅಂತಲೇ ಇಟ್ಟೆ, ಬೇರೆ ಪದ ಇರಲಿಲ್ಲ.

ಜಾತಿ ಅನ್ನುವ ಪದ ಇಂಗ್ಲಿಷ್ ಕೋರ್ಸಿನಲ್ಲಿ ಒಂದು ಸಲವೂ ಬರುವುದಿಲ್ಲ. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯಕ್ಕೆ ನಿಷೇಧ ತಂದಾಗ, ಕ್ಯಾಲಿಫೋರ್ನಿಯಾದಲ್ಲಿ ಅಂಥದೇ ಮಸೂದೆ ಪಾಸಾಗಿ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕದೆ ತಿರಸ್ಕರಿಸಿದಾಗ, ನಮ್ಮ ದೊಡ್ಡಪ್ಪನ ಮಗ ಇರುವ ಅಲ್ಲಿನ ಕನ್ನಡದವರ ವಾಟ್ಸಾಪ್ ಗುಂಪು ಎರಡು ಹೋಳಾಯಿತು. ‘ಮಾಸ್ಟರ್’ ತೆಗೆದಾಗ, ಪದದಿಂದ ಏನಾಗುತ್ತೆ ಬಿಡಿ ಅಂತ ನಕ್ಕವರೇ, ಕಾನೂನಿನಲ್ಲಿ ಆ ಒಂದು ಪದ ಬಂದರೆ ನಮ್ಮನ್ನೆಲ್ಲ ಅನುಮಾನದಿಂದ ನೋಡುತ್ತಾರೆ ಅಂತ ಉದ್ದುದ್ದ ಬರೆದರು. ಪದಕ್ಕೆ ತೂಕ ಇದೆ ಅಂತ ಅವರಿಗೂ ಗೊತ್ತಿತ್ತು, ಹಾಗಾದರೆ.

ಕನ್ನಡ ಆವೃತ್ತಿ ಬಿಟ್ಟ ದಿನ ನಾನು ಕೆಳಗಿನ ಟ್ರೈನಿಂಗ್ ರೂಮಿಗೆ ಹೋಗಿದ್ದೆ, ಅಕ್ಷರ ಸರಿಯಾಗಿ ಕಾಣುತ್ತಾ ನೋಡಲು. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು ಎಂಟು ಜನ, ಹೌಸ್‌ಕೀಪಿಂಗ್ ಹೆಂಗಸರು ಹತ್ತು ಹನ್ನೆರಡು. ಕಾರ್ಟೂನು ನೋಡುತ್ತಾ ಇಬ್ಬರು ತೂಕಡಿಸುತ್ತಿದ್ದರು. ಕೊನೆಗೆ ಫೋನಿನಲ್ಲಿ ಒಂಬತ್ತು ಪ್ರಶ್ನೆ. ಏಳನೆಯದು ಹೀಗಿತ್ತು, ನಾನೇ ತಿದ್ದಿದ ಸಾಲು: ‘ನಿಮ್ಮ ಜನಾಂಗದ ಕಾರಣಕ್ಕೆ ಯಾವಾಗಲಾದರೂ ನಿಮ್ಮನ್ನು ಬೇರೆ ರೀತಿ ನಡೆಸಿಕೊಂಡಿದ್ದಾರಾ? ಹೌದು / ಇಲ್ಲ.’

ಗೇಟಿನಲ್ಲಿ ಇರುವ, ಚಿಂತಾಮಣಿ ಕಡೆಯ ಅಣ್ಣ ಒಬ್ಬರು ಅಲ್ಲಿ ನಿಂತರು. ಬಾಕಿಯವರು ಪಟಪಟ ಒತ್ತುತ್ತಿದ್ದಾರೆ, ಇವರು ಹೆಬ್ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದಾರೆ. ನನ್ನ ಕಡೆ ನೋಡಿದರು.

‘ಮೇಡಂ, ಇದು ಯಾರ್ಗೆ ಹೋಗುತ್ತೆ?’

‘ಅಮೆರಿಕಕ್ಕೆ ಅಣ್ಣ. ಹೆಸರು ಬರಲ್ಲ.’

‘ಇಲ್ಲಿ ಯಾರೂ ನೋಡಲ್ಲ?’

‘ಇಲ್ಲ.’

ಸ್ವಲ್ಪ ಹೊತ್ತು ಬಿಟ್ಟು ಒತ್ತಿದರು. ಯಾವುದು ಒತ್ತಿದರು ಅಂತ ನಾನು ನೋಡಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು, ಟೋಪಿ ತೆಗೆದುಕೊಂಡು, ‘ಊರಲ್ಲಿ ಟೀಗೆ ನಮ್ಗೆ ಬೇರೆ ಲೋಟ ಇತ್ತು ಮೇಡಂ, ನಾನು ಚಿಕ್ಕೋನಿದ್ದಾಗ’ ಅಂತ ಮೆಲ್ಲಗೆ ಹೇಳಿ ಹೊರಟರು.

ಗ್ರಾಹಕ ಸೇವೆ ಬಗ್ಗೆ ಒಂದು ಮಾತು, ಇದಿಲ್ಲದೆ ರಿವ್ಯೂ ಮುಗಿಯುವುದಿಲ್ಲ. ಮೇಲ್ ಹಾಕಿದರೆ ಎರಡು ದಿನದೊಳಗೆ ಉತ್ತರ ಬರುತ್ತದೆ. ಕಪ್ಪು ವೈರ್ ಸಮಸ್ಯೆಯನ್ನು ಮುಂದಿನ ಅಪ್‌ಡೇಟಿನಲ್ಲೇ ಸರಿ ಮಾಡಿದರು. ‘ಗ್ರ್ಯಾಂಡ್‌ಫಾದರ್ಡ್’ಗೆ ಕಾರಣ ತೋರಿಸಿ ಅಂದದ್ದಕ್ಕೆ ಸಲಹೆ ಸ್ವೀಕರಿಸಿದ್ದೇವೆ ಎಂಬ ಉತ್ತರ, ಅಷ್ಟೇ. ಪೊಲೀಸ್ ತಲೆಬರಹದ ಬಗ್ಗೆ, ನಮ್ಮ ಟೂಲ್ ಪದಗಳನ್ನು ನೋಡುತ್ತದೆ, ವಾಕ್ಯಗಳನ್ನಲ್ಲ ಅಂದರು. ಪ್ರಾಮಾಣಿಕ ಉತ್ತರ, ಒಪ್ಪುತ್ತೇನೆ.

ಆರು ವಾರದ ನಂತರ ಅವರಾಗಿಯೇ ಒಂದು ಮೇಲ್ ಬರೆದರು. ಬೆಂಗಳೂರಿನ ಕನ್ನಡ ಆವೃತ್ತಿಯಲ್ಲಿ ಏಳನೇ ಪ್ರಶ್ನೆಗೆ ‘ಹೌದು’ ನಿರೀಕ್ಷೆಗಿಂತ ತುಂಬಾ ಜಾಸ್ತಿ ಬಂದಿದೆ, ಇಂಗ್ಲಿಷ್ ಆವೃತ್ತಿಯಲ್ಲಿ ಬೆಂಗಳೂರಿನಿಂದ ಹೆಚ್ಚು ಕಡಿಮೆ ಎಲ್ಲ ‘ಇಲ್ಲ’. ಅನುವಾದದಲ್ಲಿ ತಪ್ಪಾಗಿರಬಹುದು, ‘ಜನಾಂಗ’ದ ಬದಲು ‘ರೇಸ್’ ಅಂತಲೇ ಕನ್ನಡ ಅಕ್ಷರದಲ್ಲಿ ಹಾಕಬಹುದೇ, ದಯವಿಟ್ಟು ಪರಿಶೀಲಿಸಿ.

ಪರಿಶೀಲಿಸಿದೆ, ಅನುವಾದ ಸರಿಯಾಗಿದೆ ಅಂತ ಬರೆದು ಕಳಿಸಿದೆ.